ಬ್ಯಾಡಗಿಗೆ ಖಾರ ಇಲ್ಲ ಅನ್ನೋ ದೋಸ್ತರಿಗೆ

(1/4)
ಮೊನ್ನೆ ಕ್ಲಾಸ್ ಗ್ರೂಪಿನಾಗ ಒಬ್ಬ ರೀಲ್ ಹಾಕಿದ್ದ. ಯಾರೋ ಮನ್ಯಾಗ ಕೂತು ಎರಡು ಬಿಳಿ ವೈನ್ ಹೋಲಿಸಿ ಕುಡೀತಾರ. ಒಂದು ಓಕ್ ಮರದ ಪೀಪಾಯಿಯೊಳಗ ಇಟ್ಟದ್ದು, ಇನ್ನೊಂದು ಸ್ಟೀಲ್ ಟ್ಯಾಂಕಿಂದು. "ವೆನಿಲಾ, ಬೆಣ್ಣೆ, ಸುಟ್ಟ ಬ್ರೆಡ್" ಅಂತ ವರ್ಣನೆ. ಕೆಳಗ ನಮ್ಮ ಹುಡುಗರದ್ದೂ ಅದೇ ಕಾಮೆಂಟ್. ಯಾರೂ ಕುಡಿದವರಲ್ಲ. ನಮಗಿನ್ನೂ 20, ಕರ್ನಾಟಕದಾಗ 21 ಆಗೋತನಕ ಬಾಟಲಿ ಕೊಡಂಗಿಲ್ಲ. ಆದ್ರೂ ಶಬ್ದ ಎಲ್ಲಾ ಬಾಯಿಪಾಠ! ಅಂದಂಗ, ವೆನಿಲಾ ವಾಸನೆ ಮರದಿಂದ ಬರೋದು ಖರೆ. ಬೆಣ್ಣೆ ವಾಸನೆ ಮಾತ್ರ ಬ್ಯಾಕ್ಟೀರಿಯಾ ಕೆಲಸ, ಮರದ್ದಲ್ಲ.

ಅದೇ ಹುಡುಗ ಕ್ಯಾಂಟೀನಿನಾಗ ಏನಂದ ಗೊತ್ತಾ? "ಬ್ಯಾಡಗಿ ಬರೇ ಬಣ್ಣಲೇ, ಖಾರ ಇಲ್ಲ. ಗುಂಟೂರು ತಿನ್ನು." ಇಂವ ರಾಣೆಬೆನ್ನೂರಿನವ. ಬ್ಯಾಡಗಿ ಪಕ್ಕದ ತಾಲೂಕು.

(2/4)
ಖಾರ ಕಡಿಮೆ ಇರೋದು ಬ್ಯಾಡಗಿಯ ದೋಷ ಅಲ್ಲ, ಅದರ ಗುಣ. ಖಾರ ಕಡಿಮೆ ಅಂತನ ಸಾರಿಗೆ ಧಾರಾಳ ಹಾಕಬಹುದು, ಬಣ್ಣ ಮತ್ತ ಘಮ ಎರಡೂ ಸಿಗ್ತಾವ. ಇದರಿಂದ ತೆಗೆಯೋ ಬಣ್ಣದ ಎಣ್ಣೆ ಲಿಪ್‌ಸ್ಟಿಕ್ಕಿಗೂ ಹೋಗ್ತೈತಿ. "ನಾ ಎಷ್ಟು ಖಾರ ತಿಂತೀನಿ ನೋಡು" ಅನ್ನೋದು ರುಚಿ ಅಲ್ಲ, ಪೈಲ್ವಾನಕಿ.

ಬ್ಯಾಡಗಿ ಅಂದ್ರ ಒಂದೇ ಅಲ್ಲ. ಕಡ್ಡಿ ಉದ್ದ, ತೆಳ್ಳಗ, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡಗ, ಬೀಜ ಜಾಸ್ತಿ, ಖಾರನೂ ಸ್ವಲ್ಪ ಜಾಸ್ತಿ. ಈ ಎರಡು ಹೆಸರು ನಿಮ್ಮೊಳಗ ಎಷ್ಟು ಮಂದಿಗೆ ಗೊತ್ತಿತ್ತು? ನನಗೂ ಹೋದ ವರ್ಷದತನಕ ಗೊತ್ತಿರಲಿಲ್ಲ.

(3/4)
ರೀಲಿನವರ ಪದ್ಧತಿ ಮಾತ್ರ ಚಲೋ ಐತಿ, ಅದನ್ನ ಕದ್ದೆ. ಭಾನುವಾರ ಮೂರು ಬಟ್ಟಲ ಇಟ್ಟೆ: ಕಡ್ಡಿ, ಡಬ್ಬಿ, ಗುಂಟೂರು. ಮೂರನ್ನೂ ಒಂದೇ ಸಮ ಹುರಿದು, ಕುಟ್ಟಿ, ಬಿಸಿ ಶೇಂಗಾ ಎಣ್ಣಿಯೊಳಗ ಕಲಸಿದೆ. ಮೆಣಸಿನಕಾಯಿ ಬಣ್ಣ ಬಿಡೋದು ಎಣ್ಣಿಯೊಳಗ, ನೀರಿನಾಗಲ್ಲ. ಬಟ್ಟಲದ ಕೆಳಗ ಚೀಟಿ. ಬಿಳಿ ಅನ್ನದ ಜೋಡಿ ಒಂದೊಂದು ತುತ್ತು, ನಡುವ ಮಜ್ಜಿಗಿ. ನೀರು ಕುಡದ್ರ ಉರಿ ಹೋಗಂಗಿಲ್ಲ.

ಗುಂಟೂರು ತಿಂದ ಮ್ಯಾಲೆ ನಾಲಿಗಿಗೆ ಬ್ಯಾರೆ ಏನೂ ಕೇಳಲಿಲ್ಲ. ಕಡ್ಡಿಯೊಳಗ ಒಂಥರಾ ಸಿಹಿ ಇತ್ತು, ಉರಿ ತಡಮಾಡಿ ಬಂತು. ಡಬ್ಬಿ ಘಮ ಗಂಟಲಿನಾಗ ನಿಂತು ಬಿಡ್ತು. ನಾ ಎರಡು ಸಲ ತಪ್ಪಿದೆ. ನಮ್ಮ ಅಜ್ಜಿ ತಿನ್ನಲೂ ಇಲ್ಲ, ಬರೇ ಮೂಸಿ ನೋಡಿ ಮೂರೂ ಹೇಳಿದಳು. ಆಕಿ ಬಾಯಾಗ ವೆನಿಲಾ ಬರಲಿಲ್ಲ, "ಇದು ಹೊಸಾದು, ಇದು ಹೋದ ವರ್ಷದ್ದು" ಅನ್ನೋದು ಬಂತು. ಅದನ್ನ ನಾ ಕೇಳಿರಲೇ ಇಲ್ಲ!

(4/4)
ಇದು ಬರೇ ಬಾಯಿಚಪಲದ ಮಾತಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಾಗ ಜಿಐ ಟ್ಯಾಗ್ ಸಿಕ್ಕೈತಿ. ಬಿಕಾಂನಾಗ ನಮಗದು ಎರಡು ಮಾರ್ಕಿನ ಪ್ರಶ್ನೆ, ಬರೆದು ಮರೆತ್ವಿ. ಆದ್ರ ಬ್ಯಾಡಗಿ ಮಾರ್ಕೆಟ್ಟಿಗೆ ಬಳ್ಳಾರಿ, ರಾಯಚೂರು, ಆಂಧ್ರದಿಂದ ಹೈಬ್ರಿಡ್ ಮಾಲೂ ರಾಶಿ ಬರ್ತೈತಿ. ಬರಲಿ, ಅವರೂ ರೈತರು. ಮಾರ್ಕೆಟ್ಟಿನ ಹೆಸರು ಬ್ಯಾರೆ, ತಳಿ ಹೆಸರು ಬ್ಯಾರೆ, ಇಷ್ಟೇ ನನ್ನ ತಕರಾರು. ತಿನ್ನೋರಿಗೆ ವ್ಯತ್ಯಾಸ ಗೊತ್ತಿಲ್ಲಂದ್ರ ಖರೆ ಡಬ್ಬಿ ಬೆಳೆದವಗ ಹೆಚ್ಚಿನ ರೇಟ್ ಯಾಕ ಕೊಡ್ತಾರ? ನಮ್ಮ ಸೋದರಮಾವ ಮೆಣಸಿನಕಾಯಿ ಬಿಟ್ಟು ಗೋವಿನಜೋಳ ಹಾಕಿ ಮೂರು ವರ್ಷ ಆತು. 2024ರ ಮಾರ್ಚ್ 11ಕ್ಕ ದರ ಬಿದ್ದು ಎಪಿಎಂಸಿಯೊಳಗ ಗಾಡಿ ಸುಟ್ಟಾಗ ನಾವೆಲ್ಲಾ ಸ್ಟೋರಿ ಹಾಕಿದ್ವಿ. 24 ತಾಸಿಗೆ ಸ್ಟೋರಿ ಹೋತು, ನಾವೂ ಮರೆತ್ವಿ.

ನಿನ್ನೆ ಹಾವೇರಿಯೊಳಗ ಒಂದು ಕಿರಾಣಿ ಅಂಗಡಿಗೆ ಹೋಗಿ, "ಅಣ್ಣಾ, ಈ ಬ್ಯಾಡಗಿ ಪುಡಿ ಕಡ್ಡಿದೋ ಡಬ್ಬಿದೋ?" ಅಂತ ಕೇಳಿದೆ. ಪ್ಯಾಕೆಟ್ ಹಿಂದ ಮುಂದ ತಿರುಗಿಸಿ ನೋಡಿದ. ಎಲ್ಲೂ ಬರೆದಿರಲಿಲ್ಲ. "ಇಷ್ಟು ವರ್ಷದಾಗ ಯಾರೂ ಕೇಳಿಲ್ಲ ತಂಗಿ" ಅಂದ.

ನಿಮ್ಮ ಮನ್ಯಾಗಿರೋದು ಯಾವುದು? ಅವ್ವನ್ನ ಕೇಳಿ ಕಾಮೆಂಟ್ ಹಾಕ್ರಿ. ಗೂಗಲ್ ಮಾಡಬ್ಯಾಡ್ರಿ.

#ಕಡ್ಡಿನೋ_ಡಬ್ಬಿನೋ #ಬ್ಯಾಡಗಿ #ಹಾವೇರಿ_ಮಂದಿ