ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ

ವರಮಹಾಲಕ್ಷ್ಮಿ ವ್ರತಕ್ಕೆ ಇನ್ನೂ ವಾರಗಳಿವೆ. ಮೊಬೈಲಿನಲ್ಲಿ ಮಾತ್ರ ಹಬ್ಬ ಆಗಲೇ ಶುರುವಾಗಿದೆ. ಬೆರಳು ಜಾರಿಸಿದಷ್ಟೂ ಮೈಸೂರು ಸಿಲ್ಕ್ ಸೀರೆ. ಗೋಡೌನ್ ಖಾಲಿ ಮಾಡುತ್ತಿದ್ದೇವೆ, ಇವತ್ತೊಂದೇ ದಿನ, ಬರೀ 999 ರೂಪಾಯಿ. ಹಬ್ಬ ಕಳೆದ ಮೇಲೆ ಬರೆದು ಪ್ರಯೋಜನವಿಲ್ಲ, ಅದಕ್ಕೇ ಈಗಲೇ ಈ ಮಾತು.

ನಮ್ಮ ಬೀದಿಯ ನಿವೃತ್ತ ಟೀಚರಮ್ಮ ಹೋದ ವರ್ಷ ಇಂಥದೇ ಒಂದನ್ನು ತರಿಸಿದ್ದರು. ದಡ್ಡರೇನಲ್ಲ, ಮುಂಗಡ ಕೊಡದೆ ಕ್ಯಾಶ್ ಆನ್ ಡೆಲಿವರಿ ಹಾಕಿದ್ದರು. ಹುಡುಗ ಬಂದಾಗ "ಬಿಚ್ಚಿ ನೋಡ್ತೀನಪ್ಪಾ" ಎಂದರೆ, "ಇಲ್ಲಮ್ಮಾ, ದುಡ್ಡು ಕೊಟ್ಮೇಲೇ ಬಿಚ್ಚೋದು" ಎಂದ. ಬೂದು ಪ್ಲಾಸ್ಟಿಕ್ ಕವರಿನೊಳಗೆ ಸೀರೆಯೂ ಅಲ್ಲದ, ಕರ್ಟನ್ನೂ ಅಲ್ಲದ ಒಂದು ಪಾಲಿಯೆಸ್ಟರ್ ಬಟ್ಟೆ. ಅಂಚಿಗೆ ಜರಿಯಿಲ್ಲ, ಹಳದಿ ಬಣ್ಣದ ಅಚ್ಚು. ಮುಟ್ಟಿದರೆ ಮಿನುಗು ಬೆರಳಿಗೆ ಅಂಟುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಸಾವಿರಕ್ಕೆ ಮುಗಿಯುತ್ತಿತ್ತು. ವಾಪಸ್ ಕಳಿಸೋಣವೆಂದು ಅಂತರ್ಜಾಲದಲ್ಲಿ 'ಕಸ್ಟಮರ್ ಕೇರ್' ಹುಡುಕಿದರು. ಸಿಕ್ಕ ನಂಬರಿನವನು "ರಿಫಂಡ್ ಹಾಕ್ತೀನಿ ಮೇಡಂ, ಈ ಆಪ್ ಇಳಿಸ್ಕೊಳ್ಳಿ" ಎಂದು ಅವರ ಫೋನಿನ ಪರದೆಯನ್ನೇ ತನ್ನ ಕಡೆ ತಿರುಗಿಸಿಕೊಂಡ. ಖಾತೆಯಿಂದ ಇನ್ನೂ ಹದಿನೆಂಟು ಸಾವಿರ ಹೋಯಿತು.

ಅಸಲಿ ಮೈಸೂರು ಸಿಲ್ಕ್ ನೇಯುವುದು 1912ರಲ್ಲಿ ಶುರುವಾದ, ಈಗ ಸರ್ಕಾರಿ ನಿಗಮವಾದ ಕೆಎಸ್‌ಐಸಿ ನಡೆಸುವ ಮೈಸೂರಿನ ಕಾರ್ಖಾನೆ. ಅದರ ಜರಿಯಲ್ಲಿ ಶೇ. 65ರಷ್ಟು ಬೆಳ್ಳಿ, ಶೇ. 0.65ರಷ್ಟು ಚಿನ್ನ. ಬೆಳ್ಳಿಯ ಇವತ್ತಿನ ದರ ಗೊತ್ತಿರುವ ಯಾರಿಗಾದರೂ 999 ನಗು ತರಿಸಬೇಕು. ಆದರೆ ಆ ಬೆಲೆ ಸುಮ್ಮನೆ ಇಟ್ಟದ್ದಲ್ಲ. ಸಾವಿರ ರೂಪಾಯಿಗೆ ಯಾರು ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ? ಸೊಸೆಗೆ ಹೇಳಿದರೂ ನಾಚಿಕೆ. ಕಳ್ಳನ ಬಂಡವಾಳವೇ ಈ ನಾಚಿಕೆ.

'ಇಷ್ಟು ದೊಡ್ಡ ಕಂಪನಿಯವರು ತೋರಿಸುತ್ತಿದ್ದಾರಲ್ಲ, ಪರಿಶೀಲಿಸಿಯೇ ಇರುತ್ತಾರೆ' ಎಂಬ ಭ್ರಮೆ ಮೊದಲು ಬಿಡಬೇಕು. ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳ ಒಡೆಯ ಮೆಟಾ, 2024ರ ತನ್ನ ಆದಾಯದ ಸುಮಾರು ಶೇ. 10ರಷ್ಟು ವಂಚನೆಯ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆಂದು ಒಳಗೊಳಗೇ ಅಂದಾಜು ಹಾಕಿತ್ತೆಂದು ರಾಯಿಟರ್ಸ್ 2025ರ ನವೆಂಬರಿನಲ್ಲಿ ವರದಿ ಮಾಡಿತು. ಅದು ಒರಟು ಲೆಕ್ಕ, ಹೆಚ್ಚಾಗಿಯೇ ಸೇರಿಸಿದ್ದು ಎಂದಿತು ಕಂಪನಿ. ಇರಲಿ. ಜಾಹೀರಾತು ಎಂದರೆ ಯಾರೋ ದುಡ್ಡು ಕಟ್ಟಿದ್ದಾರೆ ಎಂದಷ್ಟೇ ಅರ್ಥ.

ಕೊಳ್ಳುವ ಮುನ್ನ ಆ ಪುಟ ಹುಟ್ಟಿದ ದಿನ ನೋಡಿ. ಫೇಸ್‌ಬುಕ್ಕಿನಲ್ಲಿ 'ಪೇಜ್ ಟ್ರಾನ್ಸ್‌ಪರೆನ್ಸಿ' ಒತ್ತಿದರೆ ತೋರಿಸುತ್ತದೆ. 'ಮೂರು ತಲೆಮಾರಿನ ನೇಕಾರರ' ಅಂಗಡಿ ಮೂರು ವಾರದ ಕೂಸಾಗಿರಬಹುದು. 2020ರ ಇ-ಕಾಮರ್ಸ್ ನಿಯಮದಂತೆ ಅಂಗಡಿಯ ಕಾನೂನುಬದ್ಧ ಹೆಸರು, ವಿಳಾಸ, ದೂರು ಅಧಿಕಾರಿಯ ಹೆಸರು ವೆಬ್‌ಸೈಟಿನಲ್ಲಿ ಇರಲೇಬೇಕು. ಬರೀ ವಾಟ್ಸಾಪ್ ನಂಬರಿದ್ದರೆ ಅಲ್ಲಿಗೇ ಬಿಡಿ. ಜಿಎಸ್‌ಟಿ ನಂಬರ್ ಹಾಕಿದ್ದರೆ ಇಲಾಖೆಯ ಪೋರ್ಟಲಿನಲ್ಲಿ ಹೊಡೆದು ನೋಡಿ. ಸೀರೆ ಅಂಗಡಿಯ ನಂಬರಿಗೆ ಎಲ್ಲಿಯದೋ ಸಿಮೆಂಟ್ ಡೀಲರ್ ಹೆಸರು ಬಂದರೆ ಮುಂದಿನದು ಹೇಳಬೇಕಿಲ್ಲ.

ಮೋಸ ಹೋದ ಮೇಲೆ ಗಂಟೆಗಳ ಲೆಕ್ಕ. ಯುಪಿಐ ಅಥವಾ ಕಾರ್ಡಿನಲ್ಲಿ ಕೊಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಕಳ್ಳನ ಖಾತೆಯಲ್ಲಿ ಇನ್ನೂ ಕೂತಿದ್ದರೆ ಬ್ಯಾಂಕಿನವರು ಅದನ್ನು ಅಲ್ಲೇ ತಡೆಹಿಡಿಯಬಹುದು. ಎಟಿಎಂನಿಂದ ಹೊರಬಿದ್ದರೆ ಹೋಯಿತು. ಕಾರ್ಡಾಗಿದ್ದರೆ ಹಣ ಹಿಂತಿರುಗಿಸಲು ಬ್ಯಾಂಕಿಗೆ 'ಚಾರ್ಜ್‌ಬ್ಯಾಕ್' ಅರ್ಜಿ ಕೊಡಿ. ಗ್ರಾಹಕ ಸಹಾಯವಾಣಿ 1915. ಹಣ ವಾಪಸ್ ತರಿಸಿಕೊಡುತ್ತೇವೆಂದು ತಾವಾಗಿ ಫೋನ್ ಮಾಡುವವರು ಅದೇ ಕಳ್ಳರ ಅಣ್ಣತಮ್ಮಂದಿರು. ಅವರು ಯುಪಿಐ ಪಿನ್ ಒತ್ತಿ ಎಂದರೆ ಒತ್ತಬೇಡಿ, ದುಡ್ಡು ಬರಲು ಪಿನ್ ಬೇಕಿಲ್ಲ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂದು ಇದೆ. ಕೊರಿಯರ್‌ನವರು ನೀವು ಕೊಟ್ಟ ದುಡ್ಡನ್ನು ಕಳಿಸಿದವನಿಗೆ ಸಾಮಾನ್ಯವಾಗಿ ಕೆಲವು ದಿನ ಬಿಟ್ಟೇ ದಾಟಿಸುವುದು. ಅಷ್ಟರೊಳಗೆ ಕವರಿನ ಮೇಲಿನ ಚೀಟಿ, ಅದರ ನಂಬರು, ಬಿಚ್ಚುವಾಗ ತೆಗೆದ ವಿಡಿಯೋ ಸಮೇತ ಕೊರಿಯರ್ ಕಂಪನಿಗೆ ದೂರು ಕೊಟ್ಟರೆ ತಡೆಯುವ ಅವಕಾಶವುಂಟು.

ಟೀಚರಮ್ಮನ ಹತ್ತಿರ ಆ ಚೀಟಿ ಇರಲಿಲ್ಲ. ಮರುದಿನ ಬೆಳಿಗ್ಗೆ ಕವರು ಕಸದ ಗಾಡಿ ಹತ್ತಿತ್ತು. ಬಟ್ಟೆ ಈಗ ಅವರ ಮಗನ ಸ್ಕೂಟರಿಗೆ ಹೊದಿಕೆ.