ಹಾಲುಹಲ್ಲಿನ ನೋವಿಗೆ ಹೊಣೆ ಯಾರು?

"ಹಾಲುಹಲ್ಲು ತಾನೆ, ಇಂದಲ್ಲ ನಾಳೆ ಬಿದ್ದುಹೋಗುತ್ತದೆ" ಎಂಬ ಮಾತನ್ನು ಆಡದ ಮನೆಯಿಲ್ಲ. ಆದರೆ ಮೂರು ವರ್ಷದ ಮಗುವಿನ ದವಡೆಯ ಹಾಲುಹಲ್ಲು ಬೀಳುವುದು ಹತ್ತು ಹನ್ನೆರಡನೆಯ ವಯಸ್ಸಿಗೆ. ಅಲ್ಲಿಯವರೆಗೆ ಆ ಮಗು ಹುಳುಕು ಹಲ್ಲಿನಲ್ಲೇ ಅಗಿಯಬೇಕು, ಕೀವು ತುಂಬಿದ ವಸಡಿನೊಡನೆಯೇ ಮಲಗಬೇಕು. ನೋವಿರುವ ಮಗು ಉಣ್ಣುವುದಿಲ್ಲ, ನಿದ್ದೆ ಮಾಡುವುದಿಲ್ಲ, ಶಾಲೆಯಲ್ಲಿ ಮನಸ್ಸಿಡುವುದಿಲ್ಲ.

ಬಾಯಿತುಂಬ ಹುಳುಕಾದ ಎಳೆಯ ಮಗು ಡಾಕ್ಟರ ಕುರ್ಚಿಯಲ್ಲಿ ಸುಮ್ಮನೆ ಕೂರುವುದಿಲ್ಲ. ಆಗ ಆಸ್ಪತ್ರೆಯಲ್ಲಿ ಪೂರ್ಣ ಅರಿವಳಿಕೆ ಕೊಟ್ಟು, ಕೆಟ್ಟ ಹಲ್ಲುಗಳಿಗೆಲ್ಲ ಒಂದೇ ಸಲಕ್ಕೆ ಚಿಕಿತ್ಸೆ ಮಾಡಬೇಕಾಗುತ್ತದೆ. ಮಗು ಆರು ಗಂಟೆ ಮೊದಲೇ ಊಟ ನಿಲ್ಲಿಸಿರಬೇಕು. ಅರಿವಳಿಕೆಯ ತಜ್ಞರು ಉಸಿರನ್ನೂ ನಾಡಿಯನ್ನೂ ಕಾಯುತ್ತಿರಬೇಕು. ಸಾಮಾನ್ಯವಾಗಿ ಅದೇ ದಿನ ಮನೆಗೆ ಕಳುಹಿಸುತ್ತಾರೆ. ಮತ್ತು ಕೊಟ್ಟರೆ ಬುದ್ಧಿ ಮಂಕಾಗುತ್ತದೆಂದು ಹೆದರುವವರುಂಟು. ಶಿಶುಗಳಿಗೆ ಒಂದು ಗಂಟೆಯೊಳಗೆ ಒಮ್ಮೆ ಕೊಟ್ಟ ಅರಿವಳಿಕೆಯಿಂದ ಐದನೆಯ ವಯಸ್ಸಿನಲ್ಲಿ ಬುದ್ಧಿಗೆ ಕುಂದು ಕಾಣಲಿಲ್ಲವೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದೆ. ಮೂರು ವರ್ಷದೊಳಗಿನವರಿಗೆ ಮೂರು ಗಂಟೆ ಮೀರಿ, ಇಲ್ಲವೆ ಮತ್ತೆ ಮತ್ತೆ ಕೊಡುವ ವಿಷಯದಲ್ಲಿ ಅಮೆರಿಕದ ಔಷಧ ಇಲಾಖೆ 2016ರಲ್ಲಿ ಎಚ್ಚರಿಕೆ ಕೊಟ್ಟಿದೆ. ಅಗತ್ಯವಿದ್ದಾಗ ಈ ಚಿಕಿತ್ಸೆ ಮಗುವಿಗೆ ಉಪಕಾರವೇ ಸರಿ. ಆದರೆ ಆ ಅಗತ್ಯ ಬಂದದ್ದೇಕೆ ಎಂಬುದು ನಮ್ಮ ಪ್ರಶ್ನೆ.

ಇಂಗ್ಲೆಂಡನ್ನು ನೋಡಿ. 1948ರಲ್ಲಿ ಅಲ್ಲಿ ಎಲ್ಲರಿಗೂ ಉಚಿತ ಆರೋಗ್ಯ ಸೇವೆ ಬಂತು. ಅದನ್ನು ಕಟ್ಟಿದ ಅನೈರಿನ್ ಬೆವನ್, 1951ರಲ್ಲಿ ಹಲ್ಲುಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ಹಾಕಲು ತಮ್ಮದೇ ಲೇಬರ್ ಸರ್ಕಾರ ಹೊರಟಾಗ ಮಂತ್ರಿಪದವಿಯನ್ನೇ ಬಿಟ್ಟರು. ಅಂಥ ದೇಶದಲ್ಲೂ 2022-23ರ ಒಂದೇ ವರ್ಷದಲ್ಲಿ ಹುಳುಕಿನ ಕಾರಣ ಮಕ್ಕಳ ಹಲ್ಲು ಕೀಳಲು ಆಸ್ಪತ್ರೆಗೆ ಸೇರಿಸಿದ ಪ್ರಸಂಗಗಳು 30,000 ಮೀರಿದವು. ಸಿರಿವಂತರ ಬಡಾವಣೆಗಳಿಗಿಂತ ಕಡುಬಡವರ ಬಡಾವಣೆಗಳಲ್ಲಿ ಇದರ ಪ್ರಮಾಣ ಮೂರು ಪಟ್ಟಿಗೂ ಹೆಚ್ಚು. ಹುಳುಕಿಗೂ ವರ್ಗಭೇದ ಗೊತ್ತು!

ಪಕ್ಕದ ಸ್ಕಾಟ್ಲೆಂಡಿನಲ್ಲಿ ಶಿಶುವಿಹಾರಗಳಲ್ಲೇ ದಿನವೂ ಮಕ್ಕಳಿಂದ ಫ್ಲೋರೈಡ್ ಪೇಸ್ಟು ಹಾಕಿ ಹಲ್ಲುಜ್ಜಿಸಿದರು. ಐದು ವರ್ಷದವರ ಹಲ್ಲಿನ ಚಿಕಿತ್ಸೆಯ ಖರ್ಚು 2001-02ರಿಂದ 2009-10ರೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು. ಬ್ರಷ್ಷಿನ ಖರ್ಚು ಆಪರೇಷನ್ನಿನ ಖರ್ಚಿಗಿಂತ ಅಗ್ಗವೆಂಬ ಲೆಕ್ಕ ಯಾವ ಅಂಗಡಿಕಾರನಿಗೂ ತಿಳಿಯುತ್ತದೆ.

ನಮ್ಮಲ್ಲೂ ಇ.ಎಸ್.ಐ. ಕಾಯಿದೆ ಬಂದದ್ದು ಅದೇ 1948ರಲ್ಲಿ. ವಿಮೆಯ ನಂಬರು ಇರುವ ಕಾರ್ಮಿಕನ ಮಗುವಿಗೆ ಅದೊಂದು ಆಸರೆ. ಗಿರಣಿಯ ಬಾಗಿಲಲ್ಲಿ ಬೀಡಾ ಅಂಗಡಿ ಇಟ್ಟವನ ಮಗುವಿಗೆ ಅದೂ ಇಲ್ಲ. ಹಲ್ಲಿನ ಡಾಕ್ಟರರಿಗೆ ನಮ್ಮ ರಾಜ್ಯದಲ್ಲಿ ಬರವಿಲ್ಲ; ಆದರೆ ಹಲ್ಲಿನ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿಯವರ ಕೈಯಲ್ಲಿವೆ.

ತಾಯಂದಿರನ್ನು ದೂರುವುದು ಸುಲಭ. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಗುವನ್ನು ಮಲಗಿಸಿದರೆ ಹಲ್ಲು ಕೆಡುತ್ತದೆಂಬುದು ನಿಜ. ಆದರೆ ಪಾಳಿ ಮುಗಿಸಿ ಬಂದು ಒಲೆ ಹಚ್ಚುವ ಹೆಂಗಸಿಗೆ ಆ ಮಾತನ್ನು ಹೇಳಿದವರು ಯಾರು? ಐದು ರೂಪಾಯಿಯ ಚಾಕಲೇಟನ್ನು ಮಾರುವ ಅಂಗಡಿಕಾರನೂ ಅಪರಾಧಿಯಲ್ಲ. ಅದೇ ಚಾಕಲೇಟನ್ನು ಅವನ ಮಗುವೂ ತಿನ್ನುತ್ತದೆ.

ನಮ್ಮ ಒತ್ತಾಯ ಮೂರು. ಒಂದು: ರಾಜ್ಯದ ಅಂಗನವಾಡಿಗಳಲ್ಲೆಲ್ಲ ದಿನವೂ ಹಲ್ಲುಜ್ಜಿಸಬೇಕು, ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ದೊಡ್ಡವರಿಗೆ ಬಟಾಣಿಯಷ್ಟು ಪೇಸ್ಟು ಸಾಕು. ಬ್ರಷ್ಷು, ಪೇಸ್ಟು ಸರ್ಕಾರದ್ದಾಗಬೇಕು. ಎರಡು: ಹುಳುಕನ್ನು ಅರಿವಳಿಕೆಯಿಲ್ಲದೆ ತಡೆಯಬಲ್ಲ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರಾವಣ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಗಬೇಕು. ಹಚ್ಚಿದ ಜಾಗ ಕಪ್ಪಾಗುತ್ತದೆ ನಿಜ. ಆದರೂ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅವಶ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಮೂರು: ಇಷ್ಟಾದರೂ ಉಳಿಯುವ ಮಕ್ಕಳಿಗಾಗಿ ಜಿಲ್ಲಾ ಆಸ್ಪತ್ರೆಯ ಆಪರೇಷನ್ ಕೋಣೆಯನ್ನೂ ಅರಿವಳಿಕೆ ತಜ್ಞರನ್ನೂ ವಾರಕ್ಕೊಂದು ದಿನ ಮೀಸಲಿಡಬೇಕು, ಶುಲ್ಕ ಕೇಳಬಾರದು.

ಮಕ್ಕಳು ಸಂಘ ಕಟ್ಟಲಾರರು, ಮುಷ್ಕರ ಹೂಡಲಾರರು. ರಾತ್ರಿಯೆಲ್ಲ ಅಳುವುದೊಂದೇ ಅವರಿಗೆ ಗೊತ್ತು. ಆ ಅಳುವನ್ನು ಬೇಡಿಕೆಯ ಪಟ್ಟಿಗೆ ಸೇರಿಸುವುದು ನಮ್ಮ ಸಂಘಗಳ ಕೆಲಸ.