ಕರುಣೆಯ ಜೊತೆಗೆ ಕಸುಬೂ ಬೇಕು

ಪರೀಕ್ಷೆ ಮುಗಿದು ರಜೆ ಹತ್ತಿರ ಬಂದಾಗ ಪಿಯುಸಿ ಓದುವ ಕೆಲವು ಹುಡುಗ ಹುಡುಗಿಯರಲ್ಲಿ ಒಂದು ಆಸೆ ಮೂಡುತ್ತದೆ. ಎಲ್ಲಿಯಾದರೂ ದೂರ ಹೋಗಿ, ಸಾಧ್ಯವಾದರೆ ಪರದೇಶಕ್ಕೇ ಹೋಗಿ, ಮನೆಯಿಲ್ಲದವರ, ಅಂಗವಿಕಲರ ಸೇವೆ ಮಾಡಬೇಕು ಎಂಬ ಆಸೆ. ಮದರ್ ತೆರೇಸಾ ಅವರ ಬಗ್ಗೆ ಓದಿದವರಿಗೆ ಇದು ಸಹಜ. ಪಾಲಕರಿಗೆ ಮಾತ್ರ ದಿಗಿಲು. ಓದು ಕೆಡುತ್ತದೆ, ರೋಗ ಅಂಟುತ್ತದೆ, ಮಿಷನ್ನಿನವರ ಜೊತೆ ಹೋದರೆ ಮತ ಬದಲಿಸಿಯಾರು ಎಂಬ ಚಿಂತೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಹೀಗೆಯೇ ತಮ್ಮ ದೇಶ ಬಿಟ್ಟು ನಮ್ಮಲ್ಲಿಗೆ ಬಂದವರು ಏನು ಮಾಡಿದರು ಎಂದು ನೋಡಿದರೆ ಉತ್ತರ ಅಲ್ಲಿಯೇ ಸಿಗುತ್ತದೆ.

ಜರ್ಮನಿಯಲ್ಲಿ ಹುಟ್ಟಿದ ಫಾದರ್ ಆಗಸ್ಟಸ್ ಮುಲ್ಲರ್ ಎಂಬ ಜೆಸುಯಿಟ್ ಪಾದ್ರಿ 1878ರ ಡಿಸೆಂಬರ್ ಕೊನೆಗೆ ಮಂಗಳೂರಿಗೆ ಬಂದರು. 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗ ಬಂದವರಿಗಾಗಿ ಆಶ್ರಯಧಾಮ ತೆರೆದರು. ನಾರ್ವೆಯ ಹ್ಯಾನ್ಸನ್ ಆ ರೋಗದ ಬ್ಯಾಕ್ಟೀರಿಯಾವನ್ನು 1873ರಲ್ಲೇ ಕಂಡಿದ್ದರು ನಿಜ. ಆದರೆ ಅದನ್ನು ಕೊಲ್ಲುವ ಔಷಧ ಆಗ ಜಗತ್ತಿನ ಯಾವ ವೈದ್ಯ ಪದ್ಧತಿಯಲ್ಲೂ ಇರಲಿಲ್ಲ. ಮುಲ್ಲರ್ ಕೊಡಲು ಸಾಧ್ಯವಿದ್ದದ್ದು ಸೂರು, ಊಟ ಮತ್ತು ಗಾಯದ ಆರೈಕೆ. ಊರೇ ಹೊರಗಟ್ಟಿದ ಮನುಷ್ಯನಿಗೆ ಅದು ಸಣ್ಣ ಮಾತಲ್ಲ. 1910ರಲ್ಲಿ ತೀರಿಕೊಳ್ಳುವವರೆಗೆ, ಸುಮಾರು 32 ವರ್ಷ, ಅವರು ಮಂಗಳೂರನ್ನು ನೆಚ್ಚಿ ನಿಂತರು. ಅವರ ಹೆಸರಿನ ಆಸ್ಪತ್ರೆ ಇಂದೂ ಕಂಕನಾಡಿಯಲ್ಲಿದೆ.

ಇಂಥವರು ತಮ್ಮ ಧರ್ಮವನ್ನು ಹೇಳಲಿಕ್ಕೂ ಬಂದವರೇ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವಿಜ್ಞಾನ ಓದುವ ಮಕ್ಕಳು ಗಮನಿಸಬೇಕಾದದ್ದು ಇನ್ನೊಂದಿದೆ. ಅದಕ್ಕೆ ಮೊದಲು ರೋಗವನ್ನು ತಿಳಿಯಬೇಕು.

ಕುಷ್ಠರೋಗದಲ್ಲಿ ಬೆರಳು ತಾನಾಗಿ ಕೊಳೆತು ಉದುರುತ್ತದೆ ಎಂದು ಜನ ನಂಬಿದ್ದರು, ಈಗಲೂ ನಂಬುವವರಿದ್ದಾರೆ. ಅದು ತಪ್ಪು. ಈ ಬ್ಯಾಕ್ಟೀರಿಯಾ ದೇಹದ ತಂಪಾದ ಭಾಗಗಳಲ್ಲಿ, ಚರ್ಮದ ಹತ್ತಿರ ಹಾದುಹೋಗುವ ನರಗಳಲ್ಲಿ ಬೆಳೆಯುತ್ತದೆ. ಮೊಣಕೈಯ ಒಳಬದಿಗೆ ಏಟು ಬಿದ್ದರೆ ಕಿರುಬೆರಳಿನವರೆಗೆ ಜುಮ್ಮೆನ್ನುತ್ತದಲ್ಲ, ಆ ನರಕ್ಕೆ ಹಾನಿಯಾದರೆ ಕಿರುಬೆರಳು, ಉಂಗುರಬೆರಳು ಒಳಮುಖವಾಗಿ ಬಾಗಿ ನಿಲ್ಲುತ್ತವೆ, ಸ್ಪರ್ಶ ಹೋಗುತ್ತದೆ, ನೋವೂ ಹೋಗುತ್ತದೆ. ನಮ್ಮ ಗರಗದ ಖಾದಿ ಕೇಂದ್ರ 1954ರಿಂದ ಇದೆ, ರಾಷ್ಟ್ರಧ್ವಜದ ಬಟ್ಟೆಗೆ ಹೆಸರಾದದ್ದು. ನೂಲುವವರನ್ನು ಕೇಳಿ ನೋಡಿ. ಎಳೆ ದಪ್ಪವಾಯಿತೋ ಸಣ್ಣವಾಯಿತೋ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಆ ಅರಿವು ಅಳಿಸಿಹೋದ ಕೈಯನ್ನು ಕಲ್ಪಿಸಿಕೊಳ್ಳಿ.

ಇದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಪ್ರಮುಖರು ಡಾ. ಪಾಲ್ ಬ್ರಾಂಡ್. ತಂದೆತಾಯಿ ಇಂಗ್ಲೆಂಡಿನಿಂದ ಬಂದ ಮಿಷನರಿಗಳು. ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. ಇಂಗ್ಲೆಂಡಿನಲ್ಲಿ ಮೊದಲು ಕಲಿತದ್ದು ಮನೆ ಕಟ್ಟುವ ಕೆಲಸ: ಬಡಿಗತನ, ಗೌಂಡಿ ಕೆಲಸ. ಆಮೇಲೆ ಶಸ್ತ್ರವೈದ್ಯರಾಗಿ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಮರುವರ್ಷ ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಹೋದಾಗ, ಬೆರಳು ಬಾಗಿದ ಒಬ್ಬನಿಗೆ ತಮ್ಮ ಕೈಯನ್ನು ಬಲವಾಗಿ ಹಿಸುಕಲು ಹೇಳಿದರು. ಹಿಡಿತದ ಜೋರಿಗೆ ನೋವಾದದ್ದು ಬ್ರಾಂಡ್ ಅವರಿಗೇ. ಅಂದರೆ ಮುಂಗೈಯ ಸ್ನಾಯುಗಳು ಗಟ್ಟಿಯಾಗಿಯೇ ಇದ್ದವು. ಇನ್ನೊಮ್ಮೆ, ತಮ್ಮಿಂದ ತೆಗೆಯಲಾಗದ ತುಕ್ಕು ಹಿಡಿದ ಬೀಗವನ್ನು ಒಬ್ಬ ಹುಡುಗ ಕೀಲಿ ತಿರುವಿ ತೆಗೆದುಕೊಟ್ಟ. ನೋಡಿದರೆ ಅವನ ಬೆರಳು ಎಲುಬು ಕಾಣುವಷ್ಟು ಕೊಯ್ದಿತ್ತು. ಅವನಿಗೆ ಗೊತ್ತೇ ಆಗಿರಲಿಲ್ಲ. ರಾತ್ರಿ ಮಲಗಿದಾಗ ಇಲಿ ಬೆರಳು ಕಡಿದರೂ ರೋಗಿಗಳಿಗೆ ಎಚ್ಚರವಾಗುತ್ತಿರಲಿಲ್ಲವೆಂದು ತಿಳಿದು ಅವರಿಗೆ ಬೆಕ್ಕು ಸಾಕಲು ಕೊಟ್ಟರು.

ಬೆರಳನ್ನು ಕಳೆಯುತ್ತಿದ್ದುದು ಅರಿವಿಗೆ ಬಾರದ ಗಾಯ, ಅದಕ್ಕೆ ತಗಲುವ ಸೋಂಕು. ಸ್ನಾಯುವನ್ನು ಎಲುಬಿಗೆ ಬಿಗಿಯುವ ಹುರಿಯಂಥ ಭಾಗವಿದೆ. ಬ್ರಾಂಡ್ ಚೆನ್ನಾಗಿರುವ ಸ್ನಾಯುವಿನ ಆ ಹುರಿಯನ್ನು ಬಾಗಿದ ಬೆರಳಿಗೆ ಜೋಡಿಸುವ ಶಸ್ತ್ರಕ್ರಿಯೆ ಮಾಡಿದರು. ಮಡಚಿದ ಕೈ ತೆರೆಯಿತು.

ಇಲ್ಲಿಗೆ ಮುಗಿಯಿತೆಂದು ನೀವು ಅಂದುಕೊಂಡೀರಿ. ಕಷ್ಟ ಇಲ್ಲಿಂದಲೇ ಶುರು. ಕೈ ನೆಟ್ಟಗಾದವರು ಊರಿಗೆ ಹೋದರೆ ಮನೆಯವರು ಸೇರಿಸಲಿಲ್ಲ, ಕೆಲಸ ಯಾರೂ ಕೊಡಲಿಲ್ಲ. ಸೊಟ್ಟ ಕೈಗೆ ಬೀಳುತ್ತಿದ್ದ ಭಿಕ್ಷೆ ನೆಟ್ಟಗಿನ ಕೈಗೆ ಬೀಳದಾಯಿತು. ಕೆಲವರು ಹಾಗೆಯೇ ಮರಳಿ ಬಂದರು. ಆಗ ಬ್ರಾಂಡ್ ಅವರಿಗೆ ನೆರವಾದದ್ದು ಹಳೆಯ ಬಡಿಗತನ. 1951ರ ಹೊತ್ತಿಗೆ ವೆಲ್ಲೂರಿನಲ್ಲಿ ಗುಡಿಸಲುಗಳ ಒಂದು ಸಣ್ಣ ನೆಲೆ ಎದ್ದಿತು. ಅಲ್ಲಿ ರೋಗಿಗಳು ಮರಗೆಲಸ ಕಲಿತರು, ಗಾಯವಾಗದಂತೆ ಉಪಕರಣ ಹಿಡಿಯುವುದನ್ನು ಕಲಿತರು, ದಿನವೂ ಕೈಕಾಲು ಪರೀಕ್ಷಿಸಿಕೊಳ್ಳುವುದನ್ನು ಕಲಿತರು.

ನಮ್ಮ ಕರ್ನಾಟಕದಲ್ಲೂ ಇದೇ ದಾರಿ ಹಿಡಿದವರಿದ್ದಾರೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ 1970ರ ದಶಕದ ಕೊನೆಗೆ ಸರ್ಕಾರ ಕೊಟ್ಟ ಜಾಗದಲ್ಲಿ ಕ್ರೈಸ್ತ ಸಂಸ್ಥೆಯೊಂದು ಸುಮನಹಳ್ಳಿಯನ್ನು ಕಟ್ಟಿತು. ಬೀದಿಯಲ್ಲಿ ಬೇಡುತ್ತಿದ್ದ, ಕುಷ್ಠ ಬಂದಿದ್ದ ಜನರಿಗೆ ಅಲ್ಲಿ ಚಿಕಿತ್ಸೆಯ ಜೊತೆಗೆ ಚರ್ಮದ ಕೆಲಸ, ಹೊಲಿಗೆ ಕಲಿಸಿದರು. ಕಾಯಕ ಮತ್ತು ದಾಸೋಹ ಎರಡನ್ನೂ ಕೂಡಿಸಿ ಹೇಳಿದ ಶರಣರ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಉಣಿಸುವುದು ಒಂದು. ಉಣ್ಣುವವನು ನಾಳೆ ತಾನೇ ದುಡಿದು ಇನ್ನೊಬ್ಬನಿಗೆ ಉಣಿಸುವಂತೆ ಮಾಡುವುದು ಇನ್ನೊಂದು.

ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಸೇವೆಗೆ ಹೋಗುವ ಮನಸ್ಸಿದ್ದರೆ ಮೊದಲು ಒಂದು ಕೆಲಸವನ್ನು ಚೆನ್ನಾಗಿ ಕಲಿಯಿರಿ. ಗಾಯ ಕಟ್ಟುವುದು, ಹೊಲಿಯುವುದು, ಲೆಕ್ಕ ಬರೆಯುವುದು, ಯಾವುದಾದರೂ ಸರಿ. ಹೋಗುವ ಊರಿನ ಭಾಷೆ ಕಲಿಯಿರಿ. ಹದಿನೈದು ದಿನ ಇದ್ದು, ಫೋಟೋ ತೆಗೆಸಿಕೊಂಡು ಬರುವುದರಿಂದ ಮನೆಯಿಲ್ಲದವನಿಗೆ ಮನೆ ಸಿಗುವುದಿಲ್ಲ. ಪರದೇಶದ ದಾರಿ ಆಮೇಲೂ ತೆರೆದಿರುತ್ತದೆ.

ಪಾಲಕರೇ, ಅಂಟುವ ಭಯದ ಬಗ್ಗೆ ಎರಡು ಮಾತು. ಬಹುಪಾಲು ಜನರಿಗೆ ಈ ರೋಗದ ವಿರುದ್ಧ ಸಹಜ ನಿರೋಧ ಶಕ್ತಿ ಇದೆ. ಚಿಕಿತ್ಸೆ ಪಡೆಯದ ರೋಗಿಯ ಒಡನೆ ಬಹುಕಾಲ ಹತ್ತಿರವಿದ್ದರೆ ಮಾತ್ರ ಅಂಟುವ ಸಂಭವ. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಬಹುಔಷಧ ಚಿಕಿತ್ಸೆಯಿಂದ ಆರು ಅಥವಾ ಹನ್ನೆರಡು ತಿಂಗಳಲ್ಲಿ ರೋಗ ಗುಣವಾಗುತ್ತದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಔಷಧ ಉಚಿತ. ಸಮಾಜದ ಮನಸ್ಸು ಮಾತ್ರ ತಡವಾಗಿ ಗುಣವಾಗುತ್ತಿದೆ: ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ನಮ್ಮ ಕಾನೂನಿನಿಂದ ತೆಗೆದುಹಾಕಿದ್ದು 2019ರಲ್ಲಿ.

ಮಕ್ಕಳ ಮೈಮೇಲೆ ಬಣ್ಣ ಮಾಸಿದ, ಮುಟ್ಟಿದರೆ ಅರಿವಾಗದ ಮಚ್ಚೆ ಕಂಡರೆ ಬಟ್ಟೆಯಿಂದ ಮುಚ್ಚಬೇಡಿ. ನೋವಿಲ್ಲವೆಂದು ಸುಮ್ಮನಿರಲೂಬೇಡಿ. ಈ ರೋಗದಲ್ಲಿ ನೋವಿಲ್ಲದಿರುವುದೇ ಅಪಾಯದ ಗುರುತು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಬೇಗ ಗೊತ್ತಾದರೆ ಕೈ ಬಾಗುವುದೇ ಇಲ್ಲ, ಶಸ್ತ್ರಕ್ರಿಯೆಯೂ ಬೇಕಾಗುವುದಿಲ್ಲ. ಓಣಿಯಲ್ಲಿ ಯಾರಿಗಾದರೂ ಇಂಥ ಮಚ್ಚೆ ಇದ್ದರೆ ಅವರ ಜೊತೆ ಆಸ್ಪತ್ರೆಯವರೆಗೆ ನಡೆದುಹೋಗುವುದಕ್ಕೆ ಯಾವ ಪಾಸ್‌ಪೋರ್ಟೂ ಬೇಕಿಲ್ಲ. ಈ ರಜೆಯಲ್ಲಿ ಅಲ್ಲಿಂದ ಶುರು ಮಾಡಬಹುದು.